ಎಲ್ಲರೂ ಓದುವ ಫೈಲು

ಸಂಪಾಜೆ ಸುತ್ತಿನ ನಾವು ಕೆಲವರು ಸೇರಿ ತೋಟದ ನೆನಪುಗಳ ಪುಸ್ತಕವೊಂದನ್ನು ಬರೆಯುತ್ತಿದ್ದಾಗ ನಿವೃತ್ತ ಹಿಂದಿ ಟೀಚರೊಬ್ಬರು ನಮ್ಮ ಸಂಪಾದಕಿಯಾಗಿದ್ದರು. ಯಾರು ಏನು ಕಳಿಸಿದರೂ ಕನ್ನಡಕ ಹಣೆಗೇರಿಸಿ, "ಎಲ್ಲರಿಗೂ ಓದ್ಲಿಕ್ಕೆ ಆಗ್ತದಾ?" ಎಂದು ಕೇಳುವುದು ಅವರ ರೂಢಿ.

ತಮ್ಮ ಪಾಲನ್ನು ಅವರು ಯೂನಿಕೋಡ್ ಬರುವ ಮೊದಲಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಮುಗಿಸಿದ್ದರು. ನಾವೂ ಅದರಲ್ಲೇ ಬರೆಯುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ನಮ್ಮಲ್ಲೊಬ್ಬರು ದೃಷ್ಟಿ ಕಳೆದುಕೊಂಡಿದ್ದ ಏಲಕ್ಕಿ ಬೆಳೆಗಾರರು. ಅವರು ಸಭೆಯಲ್ಲಿ ಆ ಫೈಲನ್ನು ಫೋನಿನಿಂದ ಗಟ್ಟಿಯಾಗಿ ಓದಿಸಿದರು. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಒಂದೇ ಸಮನೆ ಕೇಳಿಸಿದವು. ನಾವು ನಕ್ಕೆವು. ಅವರೂ ನಕ್ಕು, "ನನ್ನ ಬಿಡಿ. ಪುಸ್ತಕ ಆದ್ಮೇಲೆ ಯಾರಾದ್ರೂ ಓದಿ ಹೇಳ್ತಾರೆ" ಎಂದರು.

ಟೀಚರ್ ನಗಲಿಲ್ಲ. "ಬರೆಯುವವ್ರಲ್ಲಿ ನೀವೂ ಒಬ್ರಲ್ವಾ? ಫೋನಿಗೂ ಓದ್ಲಿಕ್ಕೆ ಆಗುವ ಯೂನಿಕೋಡಲ್ಲೇ ಬರೆಯುವ. ಆನ್‌ಲೈನಲ್ಲಿ ಎಲ್ಲರಿಗೂ ಒಂದೇ ಫೈಲು."

ಫಾಂಟ್ ಬದಲಾಯಿಸುವ ಸಾಫ್ಟ್‌ವೇರ್ ಒತ್ತಕ್ಷರಗಳನ್ನೆಲ್ಲ ಕೆಡಿಸಿತು. ಟೀಚರ್ ತಮ್ಮ ಲೇಖನಗಳನ್ನು ಮೊದಲಿನಿಂದ, ಎರಡೇ ಬೆರಳಲ್ಲಿ, ಮತ್ತೆ ಟೈಪ್ ಮಾಡಿದರು. ಒಂದಿಡೀ ಮಳೆಗಾಲ ಅದರಲ್ಲೇ ಹೋಯಿತು.

ಮುಂದಿನ ಸಭೆಯಲ್ಲಿ ಬೆಳೆಗಾರರ ಫೋನು ಎಲ್ಲರ ಬರಹಗಳೂ ಸೇರಿದ ಹೊಸ ಫೈಲನ್ನು ಕನ್ನಡದಲ್ಲೇ ಓದಿತು. ತಲೆ ಬಾಗಿಸಿ ಕೇಳುತ್ತಿದ್ದವರು ಫಕ್ಕನೆ ಅದನ್ನು ನಿಲ್ಲಿಸಿದರು.

"ಟೀಚರೇ, ನನ್ನ ಲೇಖನದಲ್ಲಿ ನಾನು ಹೇಳಿ ಬರೆಸಿದ ಕೊನೇ ಸಾಲು ಎಲ್ಲಿ?"

"ಉದ್ದ ಆಯ್ತು ಅಂತ ನಾನೇ ತೆಗ್ದೆ."

"ಯಾರನ್ನು ಕೇಳಿ ತೆಗ್ದಿರಿ? ಅದು ಬೇಕು ನನಗೆ."

"ಬೇಡ, ಹೇಳಿದ್ದನ್ನೇ ಮತ್ತೆ ಹೇಳಿದ ಹಾಗಾಗ್ತದೆ."

ಆ ಒಂದು ಸಾಲಿಗಾಗಿ ಇಬ್ಬರೂ ಚಹಾ ತಣ್ಣಗಾಗುವವರೆಗೆ ಜಗಳವಾಡಿದರು. ಸಾಲು ಪುಸ್ತಕದಲ್ಲಿದೆ.