ಟೇಪಿನ ಕೊನೆಯ ಎರಡು ನಿಮಿಷ

ಅವರ ಬಲಗೈ ಕಿರುಬೆರಳಿನ ತುದಿಯಲ್ಲಿ ಸುತ್ತಲೂ ಆರು ಗೀರುಗಳಿದ್ದವು. ಕ್ಯಾಸೆಟ್ಟಿನ ಗಾಲಿಯೊಳಗೆ ಇರುವ ಹಲ್ಲುಗಳೂ ಆರು. ಸಡಿಲಾದ ಟೇಪನ್ನು ಬಿಗಿ ಮಾಡಲು ಊರೆಲ್ಲ ಪೆನ್ಸಿಲ್ ಹುಡುಕುತ್ತಿದ್ದ ಕಾಲದಲ್ಲಿ ಇವರು ಬೆರಳನ್ನೇ ತೂರಿಸಿ ತಿರುಗಿಸುತ್ತಿದ್ದರು. ವರ್ಷಗಟ್ಟಲೆ ತಿರುಗಿಸಿ ಬೆರಳು ಗಾಲಿಯ ಅಚ್ಚಿಗೆ ಇಳಿದಿತ್ತು. ಡಾಕ್ಟರೊಬ್ಬರು ನೋಡಿ ಇದೇನು ರೋಗ ಎಂದು ಕೇಳಿದರಂತೆ. "ಸಂಗೀತ ರೀ" ಎಂದರಂತೆ ಇವರು.

ಬಳ್ಳಾರಿಯ ಕೌಲ್ ಬಜಾರಿನ ಒಂದು ಸಂದಿಯಲ್ಲಿ ಅವರ ಅಂಗಡಿ. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬಿಸಿಲಲ್ಲಿ ಕಾಯಬೇಕು, ಅಷ್ಟು ವಿಶಾಲ. ಊರಿಗೆಲ್ಲ ಅವರು ಕ್ಯಾಸೆಟ್ ಸಾಹೇಬರು. ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವುದು ಅವರ ಕಸುಬು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಂಡು ನಾವು ಹೋಗುತ್ತಿದ್ದೆವು. ಅವರು ಕನ್ನಡಕ ಏರಿಸಿ ಅದನ್ನು ನ್ಯಾಯಾಧೀಶರ ಹಾಗೆ ಓದುತ್ತಿದ್ದರು.

"ಮದುವಿ ಹಾಡಿನ ಬೆನ್ನಿಗೆ ಸಾಯೋ ಹಾಡು ಬರದೀರಲ್ರಿ. ಯಾರರ ಚಪ್ಪರದಾಗ ಹಚ್ಚಿದ್ರ ಏನ್ ಗತಿ?"

ಪಟ್ಟಿಯ ಕ್ರಮ ಬದಲಾಗುತ್ತಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಒಂದು ಬದಿಗೆ ಮೂವತ್ತು ನಿಮಿಷದ ಟೇಪು. ಹಾಡುಗಳು ನಿಮಿಷ ನೋಡಿಕೊಂಡು ಮುಗಿಯುವುದಿಲ್ಲವಾದ್ದರಿಂದ ಕೊನೆಗೆ ಒಂದೆರಡು ನಿಮಿಷದ ಜಾಗ ಉಳಿಯುತ್ತಿತ್ತು. ಬೇರೆ ಅಂಗಡಿಯವರು ಅದನ್ನು ಹಾಗೇ ಬಿಡುತ್ತಿದ್ದರು, ಇಲ್ಲವೇ ಅರ್ಧ ಹಾಡು ತುರುಕುತ್ತಿದ್ದರು. ಸಾಹೇಬರಿಗೆ ಎರಡೂ ಹಿಡಿಸದು. "ಅರ್ಧ ಹಾಡು ಅಂದ್ರ ಅರ್ಧ ಊಟಕ್ಕ ಎಬ್ಬಿಸಿದಂಗ್ರಿ. ಖಾಲಿ ಬಿಟ್ರ ಗಿರಾಕಿ ಮಿಷಿನ್ ಕೆಟ್ಟೈತಿ ಅಂತ ತಿಳ್ಕೊಂತಾನ" ಎನ್ನುತ್ತಿದ್ದರು. ಹಾಗಾಗಿ ಆ ಕೊನೆಯ ಜಾಗಕ್ಕೆ ಅವರು ಒಂದು ಪದ ಹಾಕಿಕೊಡುತ್ತಿದ್ದರು. ಮೊರದಲ್ಲಿ ಅಕ್ಕಿ ಕೇರುವ ಸದ್ದು, ಅದರ ಜೊತೆಗೆ ಒಬ್ಬ ಹೆಂಗಸಿನ ದನಿ. ಕೊನೆಗೊಂದು ಕೆಮ್ಮು. ಯಾರ ಹಾಡು, ಯಾರ ಕೆಮ್ಮು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಿರಲಿಲ್ಲ.

ನಾನಾಗ ಕೊಳಗಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಬಳ್ಳಾರಿಯಲ್ಲಿ ಎರಡು ಕೋಣೆಯ ಅರಮನೆ ಕಟ್ಟಿಸಿ, ಗೃಹಪ್ರವೇಶಕ್ಕೆಂದು ಭಕ್ತಿಗೀತೆಗಳ ಕ್ಯಾಸೆಟ್ ತುಂಬಿಸಿದ್ದೆ. ಬಂಧುಬಳಗವೆಲ್ಲ ಎಲೆಯ ಮುಂದೆ ಕೂತಾಗ ಗೀತೆಗಳು ಮುಗಿದು ಮೊರದ ಸದ್ದು ಶುರುವಾಯಿತು. ನಮ್ಮ ಸೋದರಮಾವ ಅನ್ನ ಕಲಸುತ್ತಲೇ ಕೂಗಿದ: "ಲೇ ಮೇಷ್ಟ್ರ, ಇನ್ನೂ ಅಕ್ಕಿ ಆರ್ಸಾಕತ್ತಾರಲ್ಲೋ, ನಮಗ ಎರಡನೇ ಸಲ ಅನ್ನ ಯಾವಾಗ ಬರ್ತೈತಿ?" ಪಂಕ್ತಿ ಪೂರಾ ನಕ್ಕಿತು. ಅಡುಗೆಯವನೂ ನಕ್ಕ. ಅದನ್ನು ನಾನು ಕ್ಷಮಿಸಲಿಲ್ಲ.

ಮರುದಿನ ಕ್ಯಾಸೆಟ್ ಹಿಡಿದು ಅಂಗಡಿಗೆ ದಂಡೆತ್ತಿ ಹೋದೆ.

"ಸಾಹೇಬ್ರ, ನಾನು ಬರೆದುಕೊಟ್ಟ ಪಟ್ಟಿಯೊಳಗ ಈಯಮ್ಮ ಇರಲಿಲ್ಲ."

"ಇರಲಿಲ್ರಿ."

"ಮತ್ತೆಲ್ಲಿಂದ ಬಂದ್ಲು?"

"ಜಾಗ ಉಳಿದಿತ್ರಿ."

"ಜಾಗ ಉಳಿದ್ರ ದಾರ್ಯಾಗ ಹೋಗೋರನ್ನ ಕರದು ಕೂಡ್ಸೋದೇನ್ರಿ? ಅಳಿಸಿಕೊಡ್ರಿ."

ಅವರು ಕ್ಯಾಸೆಟ್ ಕೈಗೆ ತಗೊಂಡರು. ತುಂಬಿದ ಕ್ಯಾಸೆಟ್ಟಿನ ಬೆನ್ನಲ್ಲಿರುವ ಚಿಕ್ಕ ತುಂಡನ್ನು ಅವರು ಮುರಿದೇ ಕೊಡುತ್ತಿದ್ದರು. ಮುರಿದರೆ ಅದರ ಮೇಲೆ ಮತ್ತೇನೂ ತುಂಬಲಾಗದು. ಆ ತೂತಿಗೆ ಈಗ ಅಂಟುಪಟ್ಟಿ ಹಚ್ಚಿ, ಮಿಷಿನ್ನಿಗೆ ಹಾಕಿ, ಗುಂಡಿ ಒತ್ತಿದರು. ಎರಡು ನಿಮಿಷ ಮೌನ ತುಂಬಿಸಿದರು.  "ತಪ್ಪಾತ್ರಿ ಮೇಷ್ಟ್ರೆ" ಎಂದು ಕ್ಯಾಸೆಟ್ ಕೈಗಿಟ್ಟು, ಚಹಾ ತರಿಸಿದರು. ನಾನು ಕುಡಿದೆ. ಸ್ಟಾಫ್ ರೂಮಿನಲ್ಲಿ ಈ ದಿಗ್ವಿಜಯವನ್ನು ಸವಿಸ್ತಾರವಾಗಿ ವರ್ಣಿಸಿದೆ.

ಅದು ಅವರ ಹೆಂಡತಿಯ ದನಿ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಆಕೆ ತೀರಿಕೊಂಡ ನಂತರ.

ಅಷ್ಟರಲ್ಲಿ ಸಂಗೀತದ ಸಾಮ್ರಾಜ್ಯದಲ್ಲಿ ಹಲವು ಪಟ್ಟಾಭಿಷೇಕಗಳು ನಡೆದುಹೋಗಿದ್ದವು. ಸಿಡಿ ಬಂತು; ಕನ್ನಡಿಯಂತೆ ಹೊಳೆಯುತ್ತದೆ, ಎಂದೂ ಕೆಡುವುದಿಲ್ಲ ಎಂದರು, ಒಂದು ಗೀರಿಗೆ ಕೆಟ್ಟಿತು. ಒಂದೇ ಸಿಡಿಯಲ್ಲಿ ಇನ್ನೂರು ಹಾಡು ಹಿಡಿಯುವ ಕಾಲ ಬಂತು. ಆಮೇಲೆ ಉಗುರಿನಷ್ಟು ಕಾರ್ಡು, ಪೆನ್ ಡ್ರೈವು. ಸಾಹೇಬರು ಪ್ರತಿಯೊಬ್ಬ ಹೊಸ ದೊರೆಗೂ ನಿಷ್ಠೆಯಿಂದ ಕಪ್ಪ ಒಪ್ಪಿಸಿದರು. ಹಳೇ ಕಂಪ್ಯೂಟರ್ ತಂದು ಕಾರ್ಡಿಗೂ ತುಂಬಿಸಿಕೊಟ್ಟರು. ಆದರೆ ಅಲ್ಲಿ ಪಟ್ಟಿ ಓದುವ ಕೆಲಸವಿರಲಿಲ್ಲ. "ಎಷ್ಟು ಹಿಡೀತೈತೋ ಅಷ್ಟು ಹಾಕ್ರಿ" ಎನ್ನುತ್ತಿದ್ದರು ಗಿರಾಕಿಗಳು. ಕೊನೆಗೆ ಹಾಡುಗಳು ಫೋನಿನೊಳಗೇ ಗಾಳಿಯಲ್ಲಿ ಬರತೊಡಗಿದವು. ಅಂಗಡಿಯಲ್ಲಿ ಫೋನಿನ ಕವಚ, ಚಾರ್ಜರ್ ನೇತಾಡಿದವು. ಅಳಿಯ ಗಲ್ಲೆಯಲ್ಲಿ ಕೂತ. ಸಾಹೇಬರು ಒಂದು ಸ್ಟೂಲಿನ ಮೇಲೆ, ತಮ್ಮದೇ ಅಂಗಡಿಗೆ ಬಂದ ಗಿರಾಕಿಯಂತೆ.

ನನ್ನ ನಿವೃತ್ತಿಯಾದ ವರ್ಷ, ಒಂದು ಬೆಳಗ್ಗೆ ಅವರು ಮನೆಗೆ ಬಂದರು. ಗಡ್ಡ ಬೆಳ್ಳಗಾಗಿತ್ತು. ಕೂರಿ ಎಂದರೂ ನಿಂತೇ ಇದ್ದರು.

"ನಮ್ಮ ಮನಿಯಾಕಿ ಹೋಗಿ ನಾಕು ತಿಂಗಳಾತ್ರಿ. ಅಕಿ ಹಾಡಿದ್ದು ಹುಡುಕಾಕತ್ತೀನಿ."

ಆಮೇಲೆ ಎಲ್ಲವನ್ನೂ ಹೇಳಿದರು. ಆಕೆ ಸಿರುಗುಪ್ಪದವರು. ಭತ್ತದ ಊರು, ಚಿಕ್ಕಂದಿನಿಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ಜೊತೆಯ ಹೆಂಗಸರಿಂದ ಕಲಿತ ಪದ. ಮದುವೆಯಾದ ಹೊಸದರಲ್ಲಿ ಸಾಹೇಬರು ಟೇಪ್ ರೆಕಾರ್ಡರ್ ಮನೆಗೆ ಒಯ್ದು ಮುಂದೆ ಇಟ್ಟಾಗ ಆಕೆ ಒಂದೇ ಷರತ್ತು ಹಾಕಿದ್ದರು: "ಯಾರ ಮನಿಗರ ಕೊಡ್ರಿ. ಹಾಡಿದಾಕಿ ಯಾರಂತ ಮಾತ್ರ ಹೇಳಬ್ಯಾಡ್ರಿ." ಅವರು ಹೇಳಲಿಲ್ಲ. ನಾನು ಅಂಗಡಿಯಲ್ಲಿ ನಿಂತು ಮೆರೆದ ದಿನವೂ ಹೇಳಲಿಲ್ಲ. ಆ ಮೂಲ ಟೇಪು ನೂರಾರು ಕ್ಯಾಸೆಟ್ಟುಗಳಿಗೆ ಹಾಡಿ ಹಾಡಿ ಸವೆದು, ಒಂದು ದಿನ ಮಿಷಿನ್ನಿಗೆ ಸಿಕ್ಕಿ ಚಿಂದಿಯಾಯಿತು. ಅವರು ಕಸದ ಬುಟ್ಟಿಗೆ ಹಾಕಿದರು.

"ಇನ್ನೊಂದ್ಸಲ ಹಾಡ್ಸಬೇಕಿತ್ತಲ್ರಿ" ಎಂದೆ.

"ಯಾಕಂತ ಹಾಡ್ಸಲಿ? ಊರ ತುಂಬ ಐತಿ, ಎಲ್ಲಿ ಹೋಗ್ತೈತಿ ಅಂದ್ಕೊಂಡೆ" ಎಂದರು.

 ನಾನು ಒಳಗೆ ಹೋಗಿ ನನ್ನ ಕ್ಯಾಸೆಟ್ ತರುವವನಂತೆ ನಟಿಸಲು ಎದ್ದೆ. ಅವರು ಕೈ ಎತ್ತಿ ತಡೆದರು.

"ನಿಮ್ದು ಕೇಳಾಕ ಬಂದಿಲ್ರಿ. ಅದನ್ನ ನಾನ ಅಳ್ಸೀನಿ. ನಿಮ್ಮ ಹತ್ರ ಓದಿದ ಹುಡುಗ್ರು ಊರೂರಾಗ ಅದಾರ. ನೀವು ಜೊತಿಗೆ ಬಂದ್ರ ಬಾಗಿಲು ತಗೀತಾರ."

ಹೋದೆ. ನನ್ನ ಸ್ಕೂಟರಿನ ಹಿಂದೆ ಅವರು, ಅವರ ಮಡಿಲಲ್ಲಿ ಒಂದು ಹಳೇ ಟೇಪ್ ರೆಕಾರ್ಡರ್. ಬಾದನಹಟ್ಟಿಯ ಒಂದು ಮನೆಯಲ್ಲಿ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿ ಸ್ಟೀಲ್ ಬಟ್ಟಲು ತಗೊಂಡಿದ್ದರು. ಬಟ್ಟಲನ್ನು ಮಾತ್ರ ಪ್ರೀತಿಯಿಂದ ತೋರಿಸಿದರು. ಸಿರುಗುಪ್ಪದ ತವರಿನಲ್ಲಿ ಆಕೆಯ ತಮ್ಮನಿಗೆ ಅಕ್ಕ ಹಾಡುತ್ತಿದ್ದಳೆಂಬುದೇ ಗೊತ್ತಿರಲಿಲ್ಲ. ಮೋಕದಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ನಮ್ಮನ್ನು ಸೀದಾ ಹೊಲಕ್ಕೆ ಕರೆದೊಯ್ದ. ಜೋಳ ತೆನೆಗಟ್ಟಿತ್ತು. ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ಟೇಪು ಬಿಗಿದು ಕಟ್ಟಿದ್ದ, ಬಿಸಿಲಿಗೆ ಥಳಥಳಿಸುತ್ತಿತ್ತು.

"ಗಿಳಿ ಓಡ್ಸಾಕ ಇದರಷ್ಟು ಚಲೋದು ಇನ್ನೊಂದಿಲ್ಲ ಸಾರ್. ಗಾಳಿ ಬಿಟ್ರ ತಾನ ಗುಂಯ್ ಅಂತೈತಿ. ನಮ್ಮಪ್ಪನ ಎಲ್ಲಾ ಕ್ಯಾಸೆಟ್ಟೂ ಕೆಲಸಕ್ಕ ಬಂದ್ವು ನೋಡ್ರಿ!"

ಸಾಹೇಬರು ಬದುವಿನ ಮೇಲೆ ನಿಂತು ಒಂದು ಟೇಪನ್ನು ಎರಡು ಬೆರಳಲ್ಲಿ ಹಿಡಿದರು. ಬಿಸಿಲಿಗೆ ಬಣ್ಣ ಉದುರಿ ಪಾರದರ್ಶಕವಾಗಿತ್ತು. "ಹೌದಪ್ಪ, ಚಲೋ ಐತಿ" ಎಂದರು. 

ಕೊನೆಗೆ ಕುರುಗೋಡಿನ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ. ಅವನ ದೊಡ್ಡವ್ವ ಈಗಲೂ ಕ್ಯಾಸೆಟ್ಟಿನಲ್ಲೇ ಭಜನೆ ಕೇಳುತ್ತಾಳಂತೆ. ಹೋದೆವು. ವಿಭೂತಿ ಹಚ್ಚಿದ, ಎಂಬತ್ತರ ಹತ್ತಿರದ ಹೆಂಗಸು. ಗಂಡ ಬದುಕಿದ್ದಾಗ ಬಳ್ಳಾರಿಯಿಂದ ತುಂಬಿಸಿಕೊಂಡು ಬಂದ ಕ್ಯಾಸೆಟ್. ಟೇಪ್ ರೆಕಾರ್ಡರಿಗೆ ಹಳೇ ಇಳಕಲ್ ಸೀರೆಯ ಅಂಚಿನ ಗವಸು ಹೊಲಿದು ಹಾಕಿದ್ದಳು.

"ಫೋನ್ ಕೊಡ್ಸೀನ್ರಿ ಸಾರ್, ಸಾವಿರ ಭಜನಿ ಅದಾವ ಅದರಾಗ. ಮುಟ್ಟಂಗಿಲ್ಲ ಮುದುಕಿ" ಎಂದು ವಿದ್ಯಾರ್ಥಿ ದೂರಿದ.

"ಅದರಾಗ ಒಂದು ಮುಗಿಯೋದ್ರೊಳಗ ಇನ್ನೊಂದು ಬಂದು ಕುಂದ್ರತೈತಿ" ಎಂದಳು ಅಜ್ಜಿ. "ಭಜನಿ ಮುಗದ ಮ್ಯಾಲೆ ಅಕ್ಕಿ ಆರ್ಸೋಳು ಅದರಾಗ ಎಲ್ಲಿ ಬರ್ತಾಳ? ಭಜನಿ ಕೇಳೋದು ದೇವರಿಗೆ. ನನಗ ಅಕಿನ ಬೇಕು. ಇವನ ದೊಡ್ಡಪ್ಪ ಹೋದಾಗಿಂದ ದಿನಾ ಬಂದು ನನ್ನ ಕೂಡ ಕುಂತು ಎದ್ದು ಹೋಗ್ತಾಳ."

ಸಾಹೇಬರು ಗೋಡೆ ಹಿಡಿದು ಕೂತರು. ಅಜ್ಜಿ ಗುಂಡಿ ಒತ್ತಿದಳು. ಮೊರದ ಸದ್ದು ಬಂತು, ದನಿ ಬಂತು, ಕೆಮ್ಮು ಬಂತು. ಟೇಪು ಟಕ್ಕೆಂದು ನಿಂತಿತು.

"ಇನ್ನೊಮ್ಮೆ ಹಚ್ಚವ್ವ" ಎಂದರು ಸಾಹೇಬರು.

"ದಿನಕ್ಕ ಒಂದ ಸಲ. ಸವೀತಾಳ." ಗವಸು ಮುಚ್ಚಿಬಿಟ್ಟಳು. "ಯಾರ್ರಿ ಅಕಿ? ನಿಮಗ ಗೊತ್ತೇನು?"

"ಗೊತ್ತಿಲ್ಲವ್ವ" ಎಂದರು ಅವರು.

ಹೊರಗೆ ಬಂದ ಮೇಲೆ ನಾನು ಉತ್ಸಾಹದಿಂದ ಫೋನ್ ತೆಗೆದೆ. ಮುಂದಿನ ಸಲ ಇದರಲ್ಲಿ ಹಿಡಿದುಕೊಂಡರಾಯಿತು, ಎಷ್ಟು ಸಲ ಬೇಕಾದರೂ ಕೇಳಬಹುದು, ಸವೆಯುವ ಪ್ರಶ್ನೆಯೇ ಇಲ್ಲ ಎಂದೆ. ಹಳೇ ಪಾಪಕ್ಕೆ ಇಷ್ಟು ಸುಲಭದ ಪ್ರಾಯಶ್ಚಿತ್ತ ಸಿಕ್ಕಿತಲ್ಲ ಎಂದು ಮನಸ್ಸು ಹಗುರಾಗಿತ್ತು.

"ಬ್ಯಾಡ್ರಿ" ಎಂದರು. "ಆವಾಗ ಕೇಳ್ದೋರಿಗೆ ಯಾರಂತ ಗೊತ್ತಿರಲಿಲ್ಲ. ನಿಮಗ ಗೊತ್ತೈತಿ. ನಿಮ್ಮ ಫೋನಿನ್ಯಾಗ ಹೋದ್ರ ಹೆಸರು ಹಚ್ಚಿಕೊಂಡ ಹೋಗ್ತೈತಿ. ನಾ ಮಾತು ಕೊಟ್ಟೀನಿ."

ಅಂದಿನಿಂದ ಪ್ರತಿ ಗುರುವಾರ ಬಳ್ಳಾರಿಯಿಂದ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಎರಡು ನಿಮಿಷ ಕೇಳಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಆಗಾಗ ನಾನೂ ಹೋಗುತ್ತಿದ್ದೆ. ಟೇಪು ಮುಗಿದು ನಿಲ್ಲುವಾಗ ಬೀಳುವ ಜಗ್ಗು ಅದರ ತುದಿಗೇ ಬೀಳುತ್ತದೆ. ಅವರು ಹೆಂಡತಿಯನ್ನು ಕೂರಿಸಿದ್ದು ಸರಿಯಾಗಿ ಅಲ್ಲೇ. ಮೊದಲ ಮಳೆಗಾಲದಲ್ಲಿ ಹರಿಯಿತು. ಅಜ್ಜಿ ಗಾಬರಿಯಾಗಿ ಹೇಳಿಕಳಿಸಿದಳು. ಸಾಹೇಬರು ಬ್ಲೇಡು, ಅಂಟುಪಟ್ಟಿ ತಗೊಂಡು ಹೋಗಿ, ಮುದುಡಿದ ತುದಿಯನ್ನು ಕತ್ತರಿಸಿ ಜೋಡಿಸಿದರು. ಕತ್ತರಿಸಿದ್ದು ಅಂಗೈಯಗಲ. ಕೆಮ್ಮು ಹೋಯಿತು.

ಮುಂದಿನ ಸಲ ಹರಿದಾಗ ಒಂದು ಗೇಣು ಹೋಯಿತು. ಆಮೇಲೆ ಹರಿದಾಗಲೆಲ್ಲ ಒಂದೊಂದು ಮೊಳ. ನಾನು ಹಿಡಿಯಲೇ ಎಂದರೆ ಕೊಡುತ್ತಿರಲಿಲ್ಲ. ಕತ್ತರಿಸಿದ ತುಂಡುಗಳನ್ನು ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ, "ಜೋಡ್ಸಾಕ ಕಲಿಸ್ರಿ" ಎಂದೆ. "ನಿಮಗ್ಯಾಕ್ರಿ ಇದು, ಎಷ್ಟು ದಿನದ್ದು?" ಎಂದು ನಕ್ಕರು. ನಾನೂ ಒತ್ತಾಯ ಮಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಹೋದರು. ಬಸ್ಸಿನಲ್ಲೋ ಅಜ್ಜಿಯ ಕಟ್ಟೆಯ ಮೇಲೋ ಹೋಗಿದ್ದರೆ ಬರೆಯುವವನಿಗೆ ಅನುಕೂಲವಾಗುತ್ತಿತ್ತು. ಸರಕಾರಿ ಆಸ್ಪತ್ರೆಯ ವರಾಂಡದಲ್ಲಿ, ಡಾಕ್ಟರ್ ಬರುವುದನ್ನು ಕಾಯುತ್ತ ಹೋದರು. ಮಣ್ಣು ಮುಗಿಸಿಕೊಂಡು ಬಂದವನು ಮರುದಿನ ಕುರುಗೋಡಿಗೆ ಹೋದೆ. ಗುರುವಾರವಾಗಿರಲಿಲ್ಲ. ನನ್ನನ್ನು ಒಬ್ಬನೇ ನೋಡಿ ಅಜ್ಜಿಗೆ ಅರ್ಥವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಕಿ ಅವರ ಮನಿಯಾಕಿ ಅಲ್ಲೇನ್ರಿ?" ಎಂದಳು.

 ಕೊಟ್ಟ ಮಾತು ನನ್ನದಲ್ಲದಿದ್ದರೂ, ಮುರಿಯುವವನು ನಾನಾಗಲು ಮನಸ್ಸು ಬರಲಿಲ್ಲ.

ಆ ದಿನದ ಸರದಿ ಇನ್ನೂ ಆಗಿರಲಿಲ್ಲವಂತೆ. ಗವಸು ತೆಗೆದು ಹಚ್ಚಿದಳು. ಮೊರದ ಸದ್ದು ಬಂತು. ದನಿ ಇನ್ನೇನು ಎತ್ತಬೇಕು, ಒಂದು ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು, ಅಲ್ಲಿಗೆ ಮುಗಿಯಿತು. ಉಳಿದಿದ್ದದ್ದು ಅಷ್ಟೇ. ಫೋನ್ ನನ್ನ ಜೇಬಿನಲ್ಲಿತ್ತು. ನಾನು ತೆಗೆಯಲಿಲ್ಲ.

ಅಜ್ಜಿ ಕ್ಯಾಸೆಟ್ಟನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ಜೋಡಿಸಿದ ಜಾಗದಲ್ಲಿ ಅಂಟುಪಟ್ಟಿ ಬಿಟ್ಟುಕೊಳ್ಳುತ್ತಿತ್ತು.

"ಮೇಷ್ಟ್ರೆ, ಇದನ್ನ ಕೂಡ್ಸಾಕ ನಿಮಗ ಬರ್ತೈತೇನ್ರಿ?"

"ಬರಂಗಿಲ್ಲವ್ವ" ಎಂದೆ.