ಬತ್ತೀನಿ ಕಣವ್ವ

ನಮ್ಮ ಕಡೆ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಎದ್ದು ಹೊರಟವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ 'ಬತ್ತೀನಿ' ಅನ್ನಬೇಕು. ಮಕ್ಕಳು ಬಾಯಿತಪ್ಪಿ 'ಹೋಗ್ತೀನಿ' ಅಂದುಬಿಟ್ಟರೆ 'ಬಿಡ್ತು ಅನ್ನು' ಎಂದು ಗದರುತ್ತಾರೆ. ಒಳ್ಳೆಯ ಮಾತೇ, ಬೇಡ ಅಂದವರಾರು? ಆದರೆ ಹಾಗೆ ಹೇಳಿ ಹೊರಟವಳು ಸತ್ತ ಮೇಲೂ ಮಾತು ಉಳಿಸಿಕೊಂಡರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಆಶಾರಾಣಿಗೆ ಬಂದ ಕಷ್ಟ ಇದು.

ಆಶಾರಾಣಿ ಅರಸೀಕೆರೆಯ ಹುಡುಗಿ. ಹುಡುಗಿ ಅಂದೆ, ಮೂವತ್ತು ದಾಟಿದೆ ಬಿಡಿ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹನುಮಯ್ಯನವರ ಒಬ್ಬಳೇ ಮಗಳು. ತಾಯಿ ತೀರಿಕೊಂಡು ಎಷ್ಟೋ ಕಾಲವಾಯಿತು. ಈಗ ಮನೆಯಲ್ಲಿ ಅವಳು, ಅಪ್ಪ, ಅಪ್ಪನ ಅವ್ವ ಸಣ್ಣತಾಯಮ್ಮ. ಅವಳ ಕೆಲಸ ತಾಲ್ಲೂಕಿನ ಒಂದು ಹೋಬಳಿ ಕಚೇರಿಯಲ್ಲಿ, ಜನ ಬಂದು ನಿಲ್ಲುವ ಕಿಟಕಿಯ ಹಿಂದೆ. ಯಾವ ಹೋಬಳಿ ಅಂತ ಹೇಳಲಾರೆ. ಹೇಳಿದರೆ ಅಲ್ಲಿಯವರು ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ.

ಅವಳಿಗೆ ಬೆಂಗಳೂರಿನ ಒಂದು ವಿದ್ಯಾಸಂಸ್ಥೆಯಲ್ಲಿ ಸೀಟು ಸಿಕ್ಕಿತ್ತು. ಸಾರ್ವಜನಿಕ ಸೇವೆಯಲ್ಲಿ ಸ್ನಾತಕೋತ್ತರ ಪದವಿ, ಎರಡು ವರ್ಷದ ಓದು, ಜೊತೆಗೆ ವಿದ್ಯಾರ್ಥಿವೇತನ. ಹನುಮಯ್ಯನವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಣ್ಣಿಮೆಯ ಬುದ್ಧವಂದನೆಗೆ ಸೇರಿದವರಿಗೆಲ್ಲ ಮೈಸೂರುಪಾಕು ಹಂಚಿ ಬಂದರು.

"ನಮ್ಮಪ್ಪ ಕಿಟಕಿ ಆಚೆ ನಿಂತು ಕೈಮುಗೀತಿದ್ದ ಕಣವ್ವ," ಎಂದರು ಮಗಳಿಗೆ. "ನೀನು ಒಳಗೆ ಕೂತಿದ್ದೀಯ. ಇನ್ನೂ ಒಳಕ್ಕೆ ಹೋಗು. ರೂಲ್ಸು ಬರೆಯೋ ಜಾಗಕ್ಕೇ ಹೋಗು."

ಬರುತ್ತೀನಿ, ಬರುವುದಿಲ್ಲ, ಎರಡರಲ್ಲಿ ಒಂದನ್ನು ಸೋಮವಾರದೊಳಗೆ ಅವಳು ಹೇಳಬೇಕಿತ್ತು. ಬೇರೆ ಯಾರಾಗಿದ್ದರೂ ಕುಣಿಯುತ್ತಾ ಹೇಳಿಬಿಡುತ್ತಿದ್ದರು. ಆಶಾರಾಣಿ ಮಾತ್ರ ಹೇಳದೆ ದಿನ ದೂಡುತ್ತಿದ್ದಳು.

ಏಕೆಂದರೆ ಸೀಟು ಸಿಕ್ಕ ಮಾರನೆಯ ದಿನದಿಂದಲೇ ಅದು ಶುರುವಾಗಿತ್ತು. ಗಂಡಸಿ ಕಡೆಯ ಬಸ್ಸು ಕಚೇರಿಯ ಎದುರು ನಿಂತು ಹೊರಟ ಮೇಲೆ, ಕಿಟಕಿಯ ಆಚೆ ಯಾರೋ ಬಂದು ನಿಂತ ಹಾಗಾಗುತ್ತಿತ್ತು. ತಲೆಯೆತ್ತಿದರೆ ಯಾರೂ ಇಲ್ಲ. ಹೊಗೆಸೊಪ್ಪಿನ ವಾಸನೆ ಮಾತ್ರ ಸರಳುಗಳ ನಡುವಿನಿಂದ ಒಳಗೆ ಬರುತ್ತಿತ್ತು. ಬೆರಳೊತ್ತುವ ತಂಬ್ ಮಿಷನ್ನು ಯಾರೂ ಮುಟ್ಟದೆಯೇ ಕೆಂಪಗೆ ಮಿನುಗಿ 'ಕುಂಯ್' ಅನ್ನುತ್ತಿತ್ತು. ವೈರು ಲೂಸಾಗಿದೆ ಎಂದು ಪಕ್ಕದ ಮೇಜಿನವರು ವೈರು ಬದಲಾಯಿಸಿದರು. ಮರುದಿನ ಬಸ್ಸು ಬಂತು, ಹೋಯಿತು, ಮಿಷನ್ನು ಮತ್ತೆ ಕುಂಯ್ ಎಂದಿತು. ಬಂದವಳು ಯಾರೆಂದು ಆಶಾರಾಣಿಗೆ ಚೆನ್ನಾಗಿ ಗೊತ್ತಿತ್ತು.

ಮಾರಮ್ಮ ತೆಂಗಿನ ನಾರಿನ ಹಗ್ಗ ಹೊಸೆದು ಬದುಕಿದ ಮುದುಕಿ, ಹೊಗೆಸೊಪ್ಪು ಜಗಿಯುತ್ತಾ ಗಂಡಸಿ ಕಡೆಯ ಬಸ್ಸಿನಲ್ಲೇ ಬರುತ್ತಿದ್ದವಳು. ಹೊಸೆದೂ ಹೊಸೆದೂ ಬೆರಳ ಗೆರೆಗಳೆಲ್ಲ ಸವೆದು, ತುದಿಗಳು ಹುಣಿಸೆಬೀಜದಂತೆ ನುಣ್ಣಗಾಗಿದ್ದವು. ನಿಂತುಹೋದ ಪಿಂಚಣಿ ಮತ್ತೆ ಬರಬೇಕಾದರೆ, ತಾನಿನ್ನೂ ಬದುಕಿದ್ದೇನೆ ಅಂತ ಅವಳು ಮಿಷನ್ನಿನ ಮೇಲೆ ಬೆರಳೊತ್ತಿ ತೋರಿಸಬೇಕಿತ್ತು. ಮಿಷನ್ನು ಒಪ್ಪಲಿಲ್ಲ. ಹೆಬ್ಬೆಟ್ಟು ಒತ್ತಿದಳು, ಕಿರುಬೆರಳು ಒತ್ತಿದಳು, ಸೆರಗಿಗೆ ಒರೆಸಿ ಒತ್ತಿದಳು, ತಲೆಗೂದಲಿಗೆ ಉಜ್ಜಿ ಎಣ್ಣೆ ಹತ್ತಿಸಿಕೊಂಡು ಒತ್ತಿದಳು. ಏನು ಮಾಡಿದರೂ ಕೆಂಪು ದೀಪವೇ.

"ಬೆರಳು ತಗೊಳ್ತಿಲ್ಲ ಅಮ್ಮ. ನಾಳೆ ಬನ್ನಿ," ಅನ್ನುತ್ತಿದ್ದಳು ಆಶಾರಾಣಿ.

"ಬತ್ತೀನಿ ಕಣವ್ವ," ಅನ್ನುತ್ತಿದ್ದಳು ಮಾರಮ್ಮ.

ಅಂದಂತೆಯೇ ಬರುತ್ತಲೂ ಇದ್ದಳು. ಬೇರೆ ದಾರಿಯೇ ಇರಲಿಲ್ಲವೇ ಅಂತೀರಾ? ಇತ್ತು, ಅದನ್ನು ನೆನೆದರೆ ನನಗೇ ಮೈಯುರಿಯುತ್ತದೆ. ಬೆರಳು ಬೀಳದವರನ್ನು ಉಪ ತಹಸೀಲ್ದಾರರು ಕಣ್ಣಾರೆ ನೋಡಿ ಒಂದು ಸಹಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಸಾಹೇಬರ ಕೋಣೆ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಸಾಹೇಬರಾದ ಸಂಪತ್ಕುಮಾರ್ ಅವರ ಬಳಿಗೆ ಹಿಂದೊಮ್ಮೆ ಅವಳು ಇಂಥವರೊಬ್ಬರನ್ನು ಕರೆದೊಯ್ದಾಗ, ಎಲ್ಲರೆದುರು ಉರಿದುಬಿದ್ದಿದ್ದರು. "ಆಡಿಟ್‌ನೋರು ಬಂದು ಕೇಳೋದು ನನ್ನನ್ನ ಕಣ್ರೀ, ನಿಮ್ಮನ್ನಲ್ಲ. ಮಿಷನ್ ಮತ್ಯಾಕೆ ಇಟ್ಟಿರೋದು?" ಅಂದಿನಿಂದ ಆಶಾರಾಣಿ ಯಾರನ್ನೂ ಆ ಬಾಗಿಲಿಗೆ ಕರೆದುಕೊಂಡು ಹೋಗಲಿಲ್ಲ. ಹೆದರಿಕೆ, ಇನ್ನೇನೂ ಅಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಮಾರಮ್ಮ 'ಬತ್ತೀನಿ ಕಣವ್ವ' ಎಂದು ಹೇಳಿ, ಎದುರಿನ ಹೊಂಗೆಮರದ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತಳು. ಬಸ್ಸು ಬಂದು ಹೋಯಿತು. ಮುದುಕಿ ಏಳಲಿಲ್ಲವಲ್ಲ, ತೂಕಡಿಸುತ್ತಿರಬೇಕು ಅಂದುಕೊಂಡು ಆಶಾರಾಣಿ ಊಟದ ಡಬ್ಬಿ ಬಿಚ್ಚಿದಳು. ಇನ್ನೊಂದು ಬಸ್ಸಿನ ಕಂಡಕ್ಟರ್ ಇಳಿದು ಬಂದು ಭುಜ ಅಲುಗಿಸಿ ನೋಡಿ ಕೂಗಿಕೊಂಡಾಗ ಅವಳ ಕೈಯಲ್ಲಿ ತುತ್ತು ಹಾಗೇ ಇತ್ತು.

ಇಷ್ಟೇ ಆಗಿದ್ದರೆ ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದಳೋ ಏನೋ. ಆದರೆ ಬೆಂಗಳೂರಿನ ಸಂದರ್ಶನದಲ್ಲಿ ಪ್ರಿಯಂವದಾ ಎಂಬ ಪ್ರೊಫೆಸರು, "ಈ ಓದು ನಿಮಗೆ ಯಾಕೆ ಬೇಕು?" ಎಂದು ಕೇಳಿಬಿಟ್ಟರು. ಆಶಾರಾಣಿಯ ಬಾಯಿಂದ ಮಾರಮ್ಮನ ಕಥೆ ತಾನಾಗಿ ಹೊರಟಿತು. ಸವೆದ ಬೆರಳು, ಕೆಂಪು ದೀಪ, ಹೊಂಗೆಮರ, ಎಲ್ಲ ಹೇಳಿದಳು. "ವ್ಯವಸ್ಥೆ ಆಕೆಗೆ ನಾಳೆ ಬಾ, ನಾಳೆ ಬಾ ಅಂತಾನೇ ಇತ್ತು ಮೇಡಂ," ಎಂದಳು. ವ್ಯವಸ್ಥೆಯಂತೆ! ಹಾಗಂದದ್ದು ತಾನೇ ಎಂದು ಮಾತ್ರ ಬಾಯಿ ಬಿಡಲಿಲ್ಲ. ಕೇಳಿದವರ ಕಣ್ಣು ಒದ್ದೆಯಾಯಿತು, ಇವಳಿಗೆ ಸೀಟು ಸಿಕ್ಕಿತು. ಮಾರಮ್ಮ ಬರತೊಡಗಿದ್ದು ಅದಾದ ಮೇಲೆ.

ಅಪ್ಪನಿಗೆ ಹೇಳುವ ಹಾಗಿರಲಿಲ್ಲ. ದೆವ್ವಗಿವ್ವದ ಮಾತೆತ್ತಿದರೆ ಹನುಮಯ್ಯನವರು ಕೆಂಡವಾಗುತ್ತಿದ್ದರು, ಮೂಢನಂಬಿಕೆಯನ್ನು ಹೊಸ್ತಿಲಾಚೆ ಬಿಟ್ಟು ಬಂದ ಮನೆ ಅದು. ಶನಿವಾರ ಸಂಜೆ ಅಪ್ಪ ಹೊರಗೆ ಹೋದಾಗ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಪಕ್ಕ ಕೂತು ಆಶಾರಾಣಿ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಸಣ್ಣತಾಯಮ್ಮ ಹೆದರಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

"ಆಗೆಲ್ಲ ಕೇರಿಗೆ ಕೇರಿನೇ ಬಾಗ್ಲ ಮ್ಯಾಲೆ ಮಸೀಲಿ ಬರ್ಕಂಡಿದ್ವು, ನಾಳೆ ಬಾ ಅಂತ," ಎಂದಳು. "ದೆವ್ವ ಬತ್ತಿತ್ತಂತೆ, ಓದ್ಕಂಡು ವಾಪಸ್ ಹೋಯ್ತಿತ್ತಂತೆ."

"ಆಮೇಲೆ ಬರೋದು ಬಿಡ್ತಾ ಅಜ್ಜಿ?"

"ಹೆಂಗ್ ಬಿಡ್ತದೆ? ದಿನಾ ಬತ್ತಿತ್ತು. ನಾಳೆ ಬಾ ಅನ್ನಾದೂ ಕರಿಯಾದೇ ಅಲ್ವೇನೆ ಪೆದ್ದಿ?" ಅಜ್ಜಿ ಕಾಳನ್ನು ಮೊರಕ್ಕೆ ಹಾಕಿದಳು. "ನಿನ್ ಮುದ್ಕಿನ ನೀನು ಬಾಯ್ತುಂಬ ಕರ್ದಿದ್ದೀಯ. ಈಗ ಬೆಂಗ್ಳೂರಿಗೆ ಗಂಟು ಕಟ್ತಿದ್ದೀಯ. ಅವ್ಳು ಬಂದು ಯಾರ್ನ ಕೇಳ್ಬೇಕು, ಪಾಪ?"

ಅಷ್ಟು ಕೇಳಿದ್ದೇ ಆಶಾರಾಣಿ ಬೇರೆಯೇ ಅರ್ಥ ಮಾಡಿಕೊಂಡಳು. ಮಾರಮ್ಮ ತನಗೆ ಶಾಪ ಹಾಕಿ ಹೋಗಿದ್ದಾಳೆ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲಿ ಓದಿದರೂ ತಲೆಗೆ ಹತ್ತುವುದಿಲ್ಲ ಎಂಬ ಭಯ ಹುಟ್ಟಿತು. ಮಾರಮ್ಮನಿಗಿದ್ದ ಹತ್ತಿರದವನೆಂದರೆ ತಮ್ಮ ಚಿಕ್ಕಣ್ಣ. ಬಿಕ್ಕೋಡಿನ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವವನು. ಅಕ್ಕನ ಮರಣಪತ್ರಕ್ಕಾಗಿ ಕಚೇರಿಗೆ ಬಂದಿದ್ದಾಗ ಆಶಾರಾಣಿ ಅವನನ್ನು ನೋಡಿದ್ದಳು. ಅವನನ್ನೇ ಕೇಳಿಬಿಡೋಣವೆಂದು ಭಾನುವಾರ ಬೆಳಗ್ಗೆ ಎದ್ದವಳೇ ಬೇಲೂರಿನ ಬಸ್ಸು ಹತ್ತಿದಳು.

ಬಸ್ಸು ಕಿಕ್ಕಿರಿದಿತ್ತು. ಆದರೂ ಅವಳ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಹಳೇಬೀಡಿನಲ್ಲಿ ದೇವಸ್ಥಾನ ನೋಡುವವರು ದಬದಬ ಇಳಿದ ಮೇಲೆ, ಅದುವರೆಗೂ ಜನರ ನಡುವೆ ತೂರಲಾಗದೆ ಹಿಂದೆಯೇ ಉಳಿದಿದ್ದ ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೆಟ್ಟು ಹರಿಯುತ್ತಾ ಬಂದ.

"ಬೇಲೂರು ಎರಡಾ?"

"ಒಂದೇ."

"ನಿಮ್ಮ ಜೊತೆ ಅಜ್ಜಿ ಇದ್ರಲ್ಲಮ್ಮ, ಹಳೇಬೀಡಲ್ಲಿ ಇಳಿದುಬಿಟ್ರಾ?"

ಕಂಡಕ್ಟರ್ ಬೇರೆ ಯಾರನ್ನೋ ನೋಡಿರಬಹುದು, ಭಾನುವಾರದ ಗದ್ದಲದಲ್ಲಿ ಹಾಗಾಗುವುದುಂಟು. ಆದರೆ ಆ ಖಾಲಿ ಸೀಟಿನಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಅವಳು ಬೇಲೂರಿನವರೆಗೂ ಕುತ್ತಿಗೆ ಹೊರಳಿಸದೆ ಕೂತಿದ್ದಳು.

ಚಿಕ್ಕಣ್ಣ ಎಸ್ಟೇಟಿನ ಆಳುಗಳಿರುವ ಲೈನ್‌ಮನೆಯ ಮುಂದೆ ಸೌದೆ ಒಡೆಯುತ್ತಿದ್ದ. ಗುರುತು ಹಿಡಿದು, ಕೊಡಲಿ ಬಿಟ್ಟು, ಒಳಗಿನಿಂದ ಸ್ಟೂಲು ತಂದು ಹಾಕಿ, ಬೇಡವೆಂದರೂ ಕೇಳದೆ ಕರಿಕಾಫಿ ಕೊಟ್ಟ. ಆಶಾರಾಣಿ ಲೋಟ ಮುಟ್ಟದೆ ಕೇಳಿಯೇಬಿಟ್ಟಳು: "ನಿಮ್ಮಕ್ಕ ನನ್ನ ಬಗ್ಗೆ ಏನಾದ್ರೂ ಅಂದಿದ್ರಾ? ಬೈದಿದ್ರೂ ಪರವಾಗಿಲ್ಲ, ಹೇಳಿ."

"ಬೈಯಾದಾ? ಎಲ್ಲಾದ್ರೂ ಉಂಟೇ!" ಎಂದ ಚಿಕ್ಕಣ್ಣ. "ನಿಮ್ಮನ್ನ ಬಾಳ ಹೊಗಳ್ತಿದ್ಲು ಮೇಡಂ. 'ಬ್ಯಾರೆ ಕಡೆ ಎಲ್ಲ ಹೋಗೇ ಮುದ್ಕಿ ಅಂತಾರೆ ಕಣೋ ಚಿಕ್ಕ, ಆ ಮಗ ಒಂದ್ಸಲಾನೂ ಹೋಗು ಅಂದಿಲ್ಲ, ಯಾವಾಗ್ಲೂ ಬನ್ನಿ ಅಂತದೆ' ಅನ್ನೋಳು. ಅದುಕ್ಕೇ ಅಷ್ಟು ಖುಷಿ ಅವ್ಳಿಗೆ. ನಿಂತೂ ನಿಂತೂ ಕಾಲು ನೋಯ್ತದೆ ಅಂತಿದ್ಲು, ಅಷ್ಟೆಯ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಹೊಗಳಿಕೆಯನ್ನು ತಡೆಯಲಾಗದೆ ಆಶಾರಾಣಿ ಆ ಅಂಗಳದಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ತಾನು ಅಟ್ಟಲೆಂದು ಆಡಿದ ಮಾತನ್ನು ಆ ಮುದುಕಿ ಕರೆ ಎಂದೇ ತಿಳಿದಿದ್ದಳು. ಮನೆಗೆ ಕರೆದವರ ಹತ್ತಿರ ಹೋಗುವ ಹಾಗೆ, ತಲೆ ಬಾಚಿಕೊಂಡು ಬಸ್ಸು ಹತ್ತಿ ಬರುತ್ತಿದ್ದಳು. ಚಿಕ್ಕಣ್ಣನಿಗೆ ಏನೂ ಅರ್ಥವಾಗದೆ, "ಕಾಫಿ ಆರೋಗ್ತದೆ ಮೇಡಂ," ಎನ್ನುತ್ತಾ ನಿಂತ.

ವಾಪಸು ಬರುವಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಮಾರಮ್ಮನ ಕೆಲಸ ಮಾಡಿಕೊಡುವುದು ಹೇಗೆಂದು ತನಗೆ ಮೊದಲ ದಿನವೇ ಗೊತ್ತಿತ್ತು. ಆ ಬಾಗಿಲು ತಟ್ಟಲು ಧೈರ್ಯ ಇರಲಿಲ್ಲ, ಅಷ್ಟೇ. ಓದು ಬೇಡದ್ದೆಂದು ನಾನೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಒಳ್ಳೆಯ ಶಾಲೆ, ತಿಳಿದ ಜನ, ಕಲಿಯಲು ಬೇಕಾದಷ್ಟಿದೆ. ಆದರೆ ತಾನು ಅಲ್ಲಿಗೆ ಕಲಿಯಲು ಹೊರಟಿದ್ದೇನೋ, ಕಿಟಕಿಯಿಂದ ಓಡಿಹೋಗಲು ಹೊರಟಿದ್ದೇನೋ ಎಂದು ಕೇಳಿಕೊಂಡರೆ ಅವಳಿಗೇ ನಾಚಿಕೆಯಾಯಿತು.

ಸೋಮವಾರ ಕಚೇರಿ ತೆರೆಯುತ್ತಲೇ ಕಿಟಕಿಗೆ ದೇವೀರಪ್ಪ ಎಂಬ ಮುದುಕ ಬಂದ. ಹಾರನಹಳ್ಳಿ ಕಡೆಯವನು, ಗಾರೆ ಕೆಲಸ ಮಾಡಿ ಸುಣ್ಣ ಸಿಮೆಂಟು ತಿಂದ ಕೈ. ಬೆರಳೊತ್ತಿದ, ಕುಂಯ್. ಇನ್ನೊಂದು ಬೆರಳೊತ್ತಿದ, ಕುಂಯ್.

"ಬೆರಳು ತಗೊಳ್ತಿಲ್ಲ ತಾತ. ನಾ..." ಎಂದ ಆಶಾರಾಣಿ ಅಲ್ಲಿಗೇ ಬಾಯಿ ಮುಚ್ಚಿದಳು. ಎದ್ದಳು. ಹೊರಗೆ ಬಂದು ಮುದುಕನ ಕೈ ಹಿಡಿದು ಸಾಹೇಬರ ಬಾಗಿಲು ತಟ್ಟಿದಳು.

ಸಂಪತ್ಕುಮಾರ್ ತಲೆಯೆತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಮತ್ತೆ ಶುರು ಮಾಡಿದ್ರಾ? ನಾಳೆ ನೋಡೋಣ, ಹೋಗ್ರೀ."

"ನಾಳೆ ಬೇಡ ಸಾರ್, ಇವತ್ತೇ ನೋಡಿ. ನೋಡೋವರೆಗೂ ಇಲ್ಲೇ ನಿಂತಿರ್ತೀವಿ."

ಅವಳು ಕದಲಲಿಲ್ಲ. ಸಾಹೇಬರು ಅವಳನ್ನು ನೋಡಿದರು, ಮುದುಕನನ್ನು ನೋಡಿದರು, ಗೊಣಗುತ್ತಾ ಪೆನ್ನು ತೆಗೆದರು. ಕಷ್ಟವೆಲ್ಲ ಅಷ್ಟರಲ್ಲೇ ಮುಗಿದುಹೋಯಿತಲ್ಲ, ಮಾರಮ್ಮನಿಗೂ ಇಷ್ಟೇ ಸಾಕಿತ್ತಲ್ಲ ಎಂದುಕೊಂಡಳು.

ದೇವೀರಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೈಮುಗಿದ. "ಬತ್ತೀನಿ ಕಣವ್ವ."

"ಬರೋದು ಬೇಡ ತಾತ," ಎಂದಳು ಆಶಾರಾಣಿ.

ಮುದುಕ ಬೆಚ್ಚಿದ. ನಮ್ಮ ಕಡೆ ಹಾಗೆ ಅನ್ನುವುದು ದೊಡ್ಡ ಅವಮಾನ.

"ನಿಮ್ಮ ಕೆಲಸ ಆಯ್ತು ತಾತ. ಅದಕ್ಕೇ ಅಂದೆ."

ಅರ್ಥವಾದ ಮೇಲೆ ಅವನು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಾ ಹೊರಟ.

ಪ್ರಿಯಂವದಾ ಅವರಿಗೆ ಅವಳೇ ಫೋನು ಮಾಡಿದಳು. ನಾಳೆ ಬನ್ನಿ ಅಂದದ್ದು ವ್ಯವಸ್ಥೆ ಅಲ್ಲ ಮೇಡಂ, ನಾನು ಎಂದಳು. ಈ ವರ್ಷ ಬರುವುದಿಲ್ಲ ಎಂದೂ ಹೇಳಿದಳು.

"ಇದನ್ನ ಅವತ್ತೇ ಹೇಳಿದ್ರೂ ಸೀಟು ಕೊಡ್ತಿದ್ವಿ," ಎಂದರು ಪ್ರೊಫೆಸರು.

"ಇರಬಹುದು ಮೇಡಂ. ಆದ್ರೆ ನಾನು ಅವತ್ತು ಓದೋಕೆ ಬರ್ತಿರಲಿಲ್ಲ. ಓಡಿ ಬರ್ತಿದ್ದೆ."

"ಸರಿ, ಹಾಗಾದ್ರೆ ಮುಂದಿನ ವರ್ಷ ಬನ್ನಿ."

"ಬರ್ತೀನಿ ಮೇಡಂ," ಎಂದು ಫೋನಿಟ್ಟಳು. ಇಟ್ಟ ಮೇಲೆ ತಾನು ಆಡಿದ್ದು ಬೀಳ್ಕೊಳ್ಳುವ ಮಾತೋ, ಕೊಟ್ಟ ಮಾತೋ ಎಂದು ಅವಳಿಗೇ ತಿಳಿಯಲಿಲ್ಲ. ಸಂಜೆ ಅಪ್ಪನ ಮುಖ ನೋಡಬೇಕಲ್ಲ ಎಂದು ಸಂಕಟವಾಯಿತು.

ಅಷ್ಟರಲ್ಲಿ ಗಂಡಸಿ ಕಡೆಯ ಬಸ್ಸು ಬಂದು ನಿಂತು ಹೊರಟಿತು. ಕಿಟಕಿಯಲ್ಲಿ ಹೊಗೆಸೊಪ್ಪಿನ ವಾಸನೆ ಬಂತು. ಮಿಷನ್ನು ಕೆಂಪಗೆ ಮಿನುಗಿತು. ಒಂದು ಸಹಿ ಹಾಕಿಸಿದೆ, ಇನ್ನು ಬಿಟ್ಟು ಹೋಗುತ್ತಾಳೆ ಎಂದು ಆಶಾರಾಣಿ ಒಳಗೊಳಗೇ ಆಸೆಪಟ್ಟಿದ್ದಳು. ದೇವೀರಪ್ಪನಿಗೆ ಅಂದ ಹಾಗೆ 'ಬರೋದು ಬೇಡ' ಅನ್ನಲು ಬಾಯಿ ತೆರೆದಳು. ಅನ್ನಲಾಗಲಿಲ್ಲ. ಮಾರಮ್ಮನ ಕೆಲಸ ಆಗಿರಲಿಲ್ಲ, ಇನ್ನು ಆಗುವಂತೆಯೂ ಇರಲಿಲ್ಲ.

ತಾನು ಕೂರುತ್ತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋಗಿ ಕಿಟಕಿಯ ಮುಂದೆ ಹಾಕಿದಳು. ಸೆರಗಿನಿಂದ ಅದನ್ನು ಒರೆಸಿದಳು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೂತ್ಕಳಿ ಅವ್ವ," ಎಂದಳು ಆಶಾರಾಣಿ.