ಅತ್ತೆ ಗುಡಿಸಿದ ಲಾನು

ಕಳೆದ ತಿಂಗಳ ಒಂದು ಶುಕ್ರವಾರ ನಮ್ಮತ್ತೆ ನನ್ನ ಲಾನನ್ನು ಗುಡಿಸಿ ಹಾಕಿದರು.

ಸರಿಯಾಗಿಯೇ ಓದಿದಿರಿ. ಕತ್ತರಿಸಿದ್ದಲ್ಲ, ಕಿತ್ತದ್ದಲ್ಲ. ಗುಡಿಸಿದ್ದು. ಬೆಳಗ್ಗೆ ಹಲ್ಲುಜ್ಜುತ್ತಾ ಬಾಗಿಲು ತೆಗೆದರೆ ಅಂಗಳ ಲಕಲಕ. ಸಗಣಿ ನೀರು ಚಿಮುಕಿಸಿ, ನಡುವೆ ದೊಡ್ಡ ರಂಗೋಲಿ ಬೇರೆ. ಕಾಂಪೌಂಡಿನ ಮೂಲೆಯಲ್ಲಿ ಕಸದ ಗುಡ್ಡೆ. ನಾನು ಮಳೆಗಾಲವಿಡೀ ಪಟ್ಟ ಪಾಡು ಆ ಗುಡ್ಡೆಯೊಳಗಿತ್ತು.

(ಸಗಣಿ ಎಲ್ಲಿಂದ ಬಂತು ಎನ್ನುತ್ತೀರಾ? ನಮ್ಮ ಬಡಾವಣೆಯಲ್ಲಿ ಹಸು ಸಾಕಿದವರ ಮನೆಯೊಂದಿದೆ ಎಂದು ನನಗೇ ಗೊತ್ತಿರಲಿಲ್ಲ. ಅತ್ತೆ ಹಿಂದಿನ ಸಂಜೆ ಒಂದು ಸುತ್ತು ವಾಕಿಂಗ್ ಹೋಗಿ ಪತ್ತೆ ಮಾಡಿದ್ದರು.)

ಲಾನ್ ಎಂದ ಕೂಡಲೇ ನೀವು ಹಸಿರು ಹುಲ್ಲನ್ನು ಕಲ್ಪಿಸಿಕೊಂಡಿರಬೇಕು. ಅದಿನ್ನೂ ಹುಲ್ಲಾಗಿರಲಿಲ್ಲ, ಬರೀ ಬೀಜ. ಶಿವಮೊಗ್ಗದಲ್ಲಿ ನಾವು ಮನೆ ಕಟ್ಟಿ ಮುಗಿಸಿದಾಗ ಮುಂದೆ ಒಂದು ತುಂಡು ಬೋಳು ನೆಲ ಉಳಿಯಿತು. ಬೆಳೆದ ಹುಲ್ಲನ್ನೇ ಕಾರ್ಪೆಟ್ ಥರ ತಂದು ಹಾಸಿಕೊಡುತ್ತೇವೆ ಎಂದರು ನರ್ಸರಿಯವರು. ನನಗೆ ಬೀಜದಿಂದಲೇ ಬೆಳೆಸುವ ಹಠ. ಯೂಟ್ಯೂಬ್ ನೋಡಿದ ಮೇಲೆ ಯಾರು ತಾನೇ ಕೃಷಿಕರಲ್ಲ?

ನೆಲ ಅಗೆದರೆ ಮಣ್ಣು ಸಿಗಬೇಕಲ್ಲ? ಸಿಕ್ಕಿದ್ದು ಇಟ್ಟಿಗೆ ಚೂರು, ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟು. ಅದನ್ನೆಲ್ಲ ಹೆಕ್ಕಿ, ಕೆಂಪು ಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಹಲಗೆ ಎಳೆದು ಸಮ ಮಾಡಿದೆ. ಬಿತ್ತುವ ಮುಂಚೆಯೇ ಹುಟ್ಟಿದ ಕಳೆ ಕಿತ್ತೆ. ಜೋರು ಮಳೆಯಲ್ಲಿ ಬಿತ್ತಿದರೆ ಬೀಜ ಸೀದಾ ಚರಂಡಿಗೆ, ಹಾಗಾಗಿ ದಸರಾ ಕಳೆಯಲಿ ಎಂದು ಕಾದೆ. ಬೀಜವೋ ರಾಗಿಗಿಂತ ಸಣ್ಣ. ಮರಳಿನಲ್ಲಿ ಕಲೆಸಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಚಿ, ಮೇಲೆ ತೆಳ್ಳಗೆ ಗೊಬ್ಬರದ ಪುಡಿ ಉದುರಿಸಿದೆ. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನಾಚೆಯಿಂದ, "ಏನ್ ಮೇಡಂ, ಸೊಪ್ಪಾ?" ಎಂದರು. "ಹುಲ್ಲು" ಎಂದೆ. ಅವರು ನಂಬದವರಂತೆ ನಕ್ಕು ಒಳಗೆ ಹೋದರು.

ಬಿತ್ತಿದ್ದು ಬುಧವಾರ. ಅತ್ತೆ ಬಂದಿಳಿದದ್ದು ಗುರುವಾರ.

ಅತ್ತೆ ಭದ್ರಾವತಿಯ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು. ಈಗ ಜನ್ನಾಪುರದಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ನಮ್ಮ ಮನೆಯಲ್ಲೂ ಅವರಿಗೆಂದೇ ಒಂದು ರೂಮಿದೆ. ನನ್ನ ಪತಿರಾಯರು ಪ್ಲಾನ್ ಹಾಕಿಸುವಾಗಲೇ ಅಮ್ಮನ ರೂಮು ಎಂದು ಬರೆಸಿದ್ದರು. ಆದರೆ ಅತ್ತೆ ಬಂದರೆ ಎರಡೇ ದಿನ. ಬ್ಯಾಗಿನ ಜಿಪ್ಪು ಪೂರ್ತಿ ಎಳೆಯುವುದೂ ಇಲ್ಲ. ಮೂರನೇ ಬೆಳಗ್ಗೆ ಅದೇ ಮಾತು: "ಹೋಗ್ತೀನಪ್ಪ. ಅಲ್ಲಿ ಅಂಗಳ ಯಾರು ಗುಡಿಸ್ತಾರೆ?"

(ನನ್ನ ವಾರಗಿತ್ತಿಗೆ ಎರಡು ಕೈಗಳಿವೆ, ಅಲ್ಲಿ ಪೊರಕೆಯೂ ಇದೆ. ಹೇಳುವವರು ಯಾರು?)

ಪ್ರತಿ ಸಲ ಬಸ್ಸು ಹತ್ತಿಸಿ ಬಂದ ಮೇಲೆ ಪತಿರಾಯರ ಮುಖ ಸಪ್ಪಗಾಗುತ್ತದೆ. ಹೈಸ್ಕೂಲಿಗೇ ಹಾಸ್ಟೆಲ್ ಸೇರಿದವರು ಅವರು. ಅಮ್ಮನ ಜೊತೆ ಒಂದೇ ಸೂರಿನಡಿ ನಾಲ್ಕು ದಿನ ನೆಮ್ಮದಿಯಾಗಿ ಇರಬೇಕು ಎನ್ನುವುದು ಅವರ ದೊಡ್ಡ ಆಸೆ. ಈ ಸಲ ಕಾಡಿ ಬೇಡಿ ಕರೆಸಿದ್ದರು. ಅತ್ತೆ ಮೊದಲ ಬಾರಿಗೆ ಸೀರೆಗಳನ್ನು ಕಪಾಟಿನಲ್ಲಿಟ್ಟಾಗ, ನೋಡು ನೋಡು ಎಂದು ನನಗೆ ಕಣ್ಸನ್ನೆ ಮಾಡಿದ್ದೇ ಮಾಡಿದ್ದು.

ಅದರ ಮರುಬೆಳಗ್ಗೆಯೇ ಈ ಸ್ವಚ್ಛತಾ ಕಾರ್ಯಕ್ರಮ.

"ಅತ್ತೇ, ಅಲ್ಲಿ ಬೀಜ ಹಾಕಿದ್ದೆ!" ಎಂದು ಕಿರುಚಿದೆ.

"ಏನ್ ಬೀಜ?"

"ಹುಲ್ಲಿನ ಬೀಜ."

ಅತ್ತೆ ನನ್ನನ್ನೇ ನೋಡಿದರು. "ಹುಲ್ಲಿಗೂ ಬೀಜ ತರ್ತಾರೇನೇ ಮಾರಾಯ್ತಿ? ಕ್ವಾರ್ಟರ್ಸಲ್ಲಿ ಅಂಗಳದಲ್ಲಿ ಒಂದು ಕಡ್ಡಿ ಹುಲ್ಲು ಬರೋಕೆ ಬಿಟ್ಟವಳಲ್ಲ ನಾನು. ಹುಲ್ಲಿದ್ರೆ ಹುಳಹುಪ್ಪಟೆ. ಅದೂ ಶುಕ್ರವಾರ, ಗುಡಿಸದೆ ಕಾಫಿ ಹೆಂಗೆ ಕುಡೀಲಿ?"

ನಾನು ಏನೇನೋ ಅಂದೆ. ಹೇಳಿ ಕೇಳಿ ಮಾಡಬಾರದೇ ಎಂದೆ, ಇಷ್ಟು ದಿನದ ಶ್ರಮ ಮಣ್ಣುಪಾಲು ಎಂದೆ. ಅತ್ತೆ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಸಂಜೆ ನೋಡಿದರೆ ಸೀರೆಗಳು ಮತ್ತೆ ಬ್ಯಾಗಿನಲ್ಲಿ.

ನನ್ನ ಸಿಟ್ಟನ್ನೆಲ್ಲ ಪತಿರಾಯರ ಮೇಲೆ ಹಾಕಿದೆ. ನೀವಾದರೂ ತಡೆಯಬಾರದಿತ್ತೇ? ಅವರು ತಲೆ ಕೆರೆದುಕೊಂಡರು.

"ಪೊರಕೆ ಸದ್ದು ಕೇಳಿಸ್ತು ಕಣೇ. ಕ್ವಾರ್ಟರ್ಸಲ್ಲೇ ಇದ್ದೀನಿ ಅನ್ನಿಸ್ತು. ಮಗ್ಗುಲು ಬದಲಿಸಿ ಮಲಗಿಬಿಟ್ಟೆ."

ಇಂಥ ಮನುಷ್ಯನಿಗೆ ಏನೆಂದು ಬಯ್ಯಲಿ?

ಹಾಲ್‌ನಲ್ಲಿ ಅತ್ತೆ ಸೋಫಾದ ತುದಿಗೆ ಕೂತಿದ್ದರು, ಕೈ ಮಡಿಲಲ್ಲಿ, ಬ್ಯಾಗು ಕಾಲ ಬಳಿ. ಅಡುಗೆಮನೆಯ ಕಡೆ ಬರಲು ಎದ್ದರು. "ಕೂತ್ಕೊಳ್ಳಿ ಅತ್ತೆ" ಎಂದೆ, ಅಭ್ಯಾಸಬಲ. ಅವರು ಕೂತರು. ಆಗ ನನಗೆ ಚುರುಕ್ಕೆಂದಿತು. ಅವರು ಪಾತ್ರೆ ಮುಟ್ಟಿದರೆ ಕೂತ್ಕೊಳ್ಳಿ ಎನ್ನುತ್ತೇನೆ, ತರಕಾರಿ ಎಳೆದುಕೊಂಡರೆ ಕೂತ್ಕೊಳ್ಳಿ ಎನ್ನುತ್ತೇನೆ. ಪ್ರೀತಿಯಿಂದಲೇ ಹೇಳುವುದು, ಆಣೆಗೂ. ಆದರೆ ಕೂತ್ಕೊಳ್ಳಿ ಎಂದು ನಾವು ಯಾರಿಗೆ ಹೇಳುತ್ತೇವೆ? ನೆಂಟರಿಗೆ ತಾನೇ? ರೂಮು ಕೊಟ್ಟೆವು, ಟಿವಿ ಕೊಟ್ಟೆವು, ಮಾಡಲು ಒಂದು ಕೆಲಸ ಕೊಡಲಿಲ್ಲ. ಎರಡು ದಿನಕ್ಕೆ ಹೊರಡದೆ ಇನ್ನೇನು ಮಾಡಿಯಾರು? ಈ ಮನೆಯಲ್ಲಿ ಅವರಿಗೆ ತಮ್ಮದು ಅನ್ನಿಸಿದ್ದು ಆ ಬೋಳು ನೆಲ ಒಂದೇ. ಅದಕ್ಕೂ ನಾನು ಹುಲ್ಲು ಹಾಕಹೊರಟಿದ್ದೆ.

ಶನಿವಾರ ಬೆಳಗ್ಗೆ ಬ್ಯಾಗು ಹಿಡಿದು ಬಾಗಿಲಿಗೆ ಬಂದರು. ನಾನು ಉಳಿದಿದ್ದ ಬೀಜದ ಪ್ಯಾಕೆಟ್ ಹಿಡಿದು ಅಂಗಳದಲ್ಲಿ ನಿಂತಿದ್ದೆ.

"ಅತ್ತೆ, ಮತ್ತೆ ಬಿತ್ತಬೇಕು. ಎಲ್ಲೀ ತನಕ ಬಿತ್ತಲಿ, ನೀವೇ ಹೇಳಿ."

ಅತ್ತೆ ನೆಲವನ್ನೊಮ್ಮೆ ಅಳೆಯುವಂತೆ ನೋಡಿದರು. ಬ್ಯಾಗು ಕೆಳಗಿಟ್ಟರು. ಒಳಗೆ ಹೋಗಿ ರಂಗೋಲಿ ಡಬ್ಬಿ ತಂದು, ಬಗ್ಗಿ, ನೆಲಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದರು. "ಆ ಕಡೆ ನನ್ನ ಪೊರಕೆ ಬರಲ್ಲ. ಈ ಕಡೆ ನಿನ್ನ ಹುಲ್ಲು ಬರಬಾರ್ದು."

ಪಾಲು ಅರ್ಧರ್ಧ ಅಂದುಕೊಂಡಿರಾ? ಗೇಟು, ದಾರಿ, ತುಳಸಿಕಟ್ಟೆ ಎಲ್ಲ ಅವರ ಕಡೆಗೆ. ನನಗೆ ಉಳಿದದ್ದು ಎರಡು ಚಾಪೆ ಹಾಸುವಷ್ಟು. ತಕರಾರು ಮಾಡದೆ ಬಿತ್ತಿದೆ. ಬೆಳಗ್ಗೆ ಅತ್ತೆ ಗೆರೆಯಾಚೆ ಗುಡಿಸುತ್ತಾರೆ, ನಾನು ಈಚೆ ನೀರು ಚಿಮುಕಿಸುತ್ತೇನೆ. ಪತಿರಾಯರು ಎಚ್ಚರವಿದ್ದೂ ಏಳುವುದಿಲ್ಲ.

ಹುಲ್ಲು ಮೊದಲು ಬಂದದ್ದು ಎಲ್ಲಿ ಗೊತ್ತೇ? ಮೂಲೆಯ ಆ ಕಸದ ಗುಡ್ಡೆಯಲ್ಲಿ, ದಟ್ಟವಾಗಿ. ನನ್ನ ಚಾಪೆಯಲ್ಲಿ ಈಗೀಗ ಅಲ್ಲಲ್ಲಿ ಹಸಿರು ಕಾಣುತ್ತಿದೆ, ನಡುವೆ ಬೋಳು ತೇಪೆಗಳೂ ಇವೆ. ಮೇಷ್ಟ್ರು ಇನ್ನೂ ಅದನ್ನು ಸೊಪ್ಪು ಎಂದೇ ನಂಬಿದ್ದಾರೆ. ಇರಲಿ, ನನಗೆ ಅವಸರವಿಲ್ಲ.

ಮೊನ್ನೆ ಜನ್ನಾಪುರದಿಂದ ವಾರಗಿತ್ತಿಯ ಫೋನ್ ಬಂತು. ಸ್ಪೀಕರಿನಲ್ಲಿತ್ತು. "ಅತ್ತೆ, ವಾಪಸ್ ಯಾವಾಗ ಬರ್ತೀರಿ?"

ಅತ್ತೆ ಸೆರಗಿನಿಂದ ಕೈಯ ಮಣ್ಣೊರೆಸಿಕೊಂಡರು.

"ಹೆಂಗ್ ಬರ್ಲೇ ಮಾರಾಯ್ತಿ? ಇಲ್ಲಿ ಅಂಗಳ ಯಾರು ಗುಡಿಸ್ತಾರೆ?"